ಶಸ್ತ್ರವೈದ್ಯನ ಧರ್ಮವೂ ಸ್ವಾರ್ಥವೂ



ರೋಗಿಯು ಶಸ್ತ್ರವೈದ್ಯನ ಕೈಗೆ ತನ್ನ ಪ್ರಾಣವನ್ನೇ ಒಪ್ಪಿಸಿರುವನು. ಆ ಕೈಗೆ ಸ್ವಾರ್ಥವು ಅಂಟಿದರೆ ಒದಗುವ ಹಾನಿಗೆ ಇಂಗ್ಲಂಡದ ಚೇಂಬರ್ಲೆನ್ ಮನೆತನದ ವೃತ್ತಾಂತವೇ ಸಾಕ್ಷಿ.

೧೭ನೆಯ ಶತಮಾನದಲ್ಲಿ ಈ ಮನೆತನದವರು, ಹೆರಿಗೆಯಲ್ಲಿ ಸಿಕ್ಕಿಕೊಂಡ ಶಿಶುವನ್ನು ಜೀವಸಹಿತ ಹೊರತೆಗೆಯುವ ಇಕ್ಕಳವನ್ನು ಬಳಸುತ್ತಿದ್ದರು. ಪರರಿಗೆ ಮಾತ್ರ ತೋರಿಸಲಿಲ್ಲ. ೧೬೭೦ರಲ್ಲಿ ಹ್ಯೂ ಚೇಂಬರ್ಲೆನ್ನನು ಪ್ಯಾರಿಸ್ ನಗರದಲ್ಲಿ ಆ ಗುಟ್ಟನ್ನು ಹಣಕ್ಕೆ ಮಾರಲೆಳಸಿದನು. ಮೊರಿಸೋ ಎಂಬ ವೈದ್ಯನು ಪರೀಕ್ಷಾರ್ಥವಾಗಿ ಒಪ್ಪಿಸಿದ ಗರ್ಭಿಣಿಯು ಬದುಕಲಿಲ್ಲ; ವ್ಯಾಪಾರವೂ ಕುದುರಲಿಲ್ಲ. ಹೀಗೆ ಆ ವಿದ್ಯೆಯು ಶತಮಾನಕ್ಕೂ ಮಿಕ್ಕಿ ಒಂದೇ ಮನೆಯ ಸೊತ್ತಾಗಿ ಉಳಿಯಿತು. ಅಷ್ಟರಲ್ಲಿ ಬದುಕಬಹುದಾಗಿದ್ದ ತಾಯಿಮಕ್ಕಳೆಷ್ಟೋ ಅಳಿದರು. ೧೮೧೩ರಲ್ಲಿ ಎಸೆಕ್ಸ್ ಪ್ರಾಂತದ ಅವರ ಹಳೆಯ ಮನೆಯ ನೆಲಹಲಗೆಗಳಡಿಯಲ್ಲಿ ಆ ಇಕ್ಕಳಗಳು ದೊರೆತವು.

ಅದೇ ದೇಶದ ಶಸ್ತ್ರವೈದ್ಯ ಜೋಸೆಫ್ ಲಿಸ್ಟರನಾದರೋ, ಕಾರ್ಬಾಲಿಕ್ ಆಮ್ಲದಿಂದ ಗಾಯವು ಕೀವಾಗದಂತೆ ಕಾಯುವ ಕ್ರಮವನ್ನು ೧೮೬೭ರಲ್ಲಿ ವೈದ್ಯಪತ್ರಿಕೆಯಲ್ಲಿ ಪ್ರಕಟಿಸಿ ಸರ್ವರಿಗೂ ತಿಳಿಸಿದನು.

ಶ್ರಮಕ್ಕೆ ತಕ್ಕ ಸಂಭಾವನೆಯನ್ನು ಕೊಳ್ಳುವುದು ದೋಷವಲ್ಲ; ಪ್ರಾಣವುಳಿಸುವ ತಿಳಿವನ್ನು ಲಾಭಕ್ಕಾಗಿ ಮುಚ್ಚಿಡುವುದೇ ದೋಷ. ಔಷಧದಿಂದಲೇ ಗುಣವಾಗುವ ವ್ಯಾಧಿಯೆಂದು ಬಲ್ಲವನಾಗಿಯೂ ಅದನ್ನು ರೋಗಿಗೆ ಹೇಳದೆ, ಹಣದಾಸೆಯಿಂದ ಶಸ್ತ್ರವನ್ನೆತ್ತುವವನು ಇಂದಿಗೂ ಆ ಇಕ್ಕಳವನ್ನು ಬಚ್ಚಿಟ್ಟವರ ಸಾಲಿನವನೇ ಸರಿ.