ಲೈಸೆನ್ಸ್ ಕೈಗೆ ಬಂತು, ಮುಂದೇನು?



ಪುಣೆಯಿಂದ ಬಾರಾಮತಿ ಕಡೆಗೆ ಹೋದವರು ಅಲ್ಲಿನ ವಿಮಾನ ನಿಲ್ದಾಣದ ಮೇಲೆ ಪುಟ್ಟ ವಿಮಾನಗಳು ಸುತ್ತು ಹೊಡೆಯುವುದನ್ನು ನೋಡಿರಬಹುದು. ಅವು ಹಾರಾಟ ಕಲಿಯುವವರ ವಿಮಾನಗಳು. ಆ ಕಲಿಕೆಯಲ್ಲಿ ಮೊದಲ ದೊಡ್ಡ ಮೆಟ್ಟಿಲು ಪ್ರೈವೇಟ್ ಪೈಲಟ್ ಲೈಸೆನ್ಸ್. ಅದಕ್ಕೆ ಹದಿನೇಳು ವರ್ಷ ತುಂಬಿರಬೇಕು, ವೈದ್ಯಕೀಯ ತಪಾಸಣೆ ಆಗಬೇಕು, ಪರೀಕ್ಷೆ ಪಾಸಾಗಬೇಕು, ಕನಿಷ್ಠ 40 ಗಂಟೆ ಹಾರಿರಬೇಕು. ಇಷ್ಟೆಲ್ಲ ಮುಗಿದು ಲೈಸೆನ್ಸ್ ಬಂದ ದಿನ ಮನೆಯಲ್ಲಿ ಪೇಡೆ ಹಂಚುತ್ತಾರೆ. ಅದು ಹಂಚಬೇಕಾದ ಸಂಗತಿಯೇ.

ಆದರೆ ನಾನು ಇಂದು ಮಾತನಾಡಬೇಕೆಂದಿರುವುದು ಪೇಡೆ ಮುಗಿದ ಮರುದಿನದ ಬಗ್ಗೆ. ಕಾಲೇಜು, ನೌಕರಿ, ಗಂಟೆಗೆ ಸಾವಿರಾರು ರೂಪಾಯಿಯ ಖರ್ಚು, ಇವುಗಳ ನಡುವೆ ಹಾರಾಟ ಹಿಂದೆ ಬೀಳುತ್ತದೆ. ಲೈಸೆನ್ಸ್ ಕಪಾಟಿನಲ್ಲಿ ಉಳಿಯುತ್ತದೆ. ಕಾಗದದ ಅವಧಿ ಮುಗಿಯುವುದು ಆಮೇಲೆ. ಅದಕ್ಕಿಂತ ಮೊದಲೇ ಕೈಯ ಅಭ್ಯಾಸ ಮುಗಿದಿರುತ್ತದೆ. ಖರ್ಚು ಮಾಡಿದ ಹಣ ಒಂದು ನಷ್ಟ. ಅಭ್ಯಾಸ ತಪ್ಪಿದ ಕೈ ಮತ್ತೆ ವಿಮಾನ ಹತ್ತಿದರೆ ಅದು ಅಪಾಯ.

ಈ ಲೈಸೆನ್ಸ್‌ನಿಂದ ಸಂಪಾದನೆ ಮಾಡುವಂತಿಲ್ಲ. ಹಣ ಪಡೆದು ಯಾರನ್ನೂ ಕರೆದೊಯ್ಯುವಂತಿಲ್ಲ. ಹಾಗಾದರೆ ಇದರ ಉಪಯೋಗವೇನು ಎಂದು ಯಾರಾದರೂ ಕೇಳಬಹುದು. ಉತ್ತರಕ್ಕೆ ನಮ್ಮ ದೇಶದ ಮೊದಲ ಲೈಸೆನ್ಸಿನ ಕಥೆಯನ್ನೇ ನೋಡೋಣ.

1929ರ ಫೆಬ್ರವರಿ 10ರಂದು ಜೆ.ಆರ್.ಡಿ. ಟಾಟಾ ಅವರಿಗೆ ಭಾರತದ ಒಂದನೇ ನಂಬರಿನ ಪೈಲಟ್ ಲೈಸೆನ್ಸ್ ಸಿಕ್ಕಿತು. ಮರುವರ್ಷವೇ ಅವರು ಆಗಾಖಾನ್ ಬಹುಮಾನಕ್ಕಾಗಿ ಭಾರತ ಮತ್ತು ಇಂಗ್ಲೆಂಡ್ ನಡುವೆ ಒಬ್ಬರೇ ಹಾರುವ ಸ್ಪರ್ಧೆಗೆ ಇಳಿದರು. ದಾರಿಯಲ್ಲಿ ಈಜಿಪ್ಟ್‌ನಲ್ಲಿ ಎದುರು ದಿಕ್ಕಿನಿಂದ ಬಂದ ಸ್ಪರ್ಧಿ ಆಸ್ಪಿ ಇಂಜಿನಿಯರ್ ಅವರ ವಿಮಾನಕ್ಕೆ ಸ್ಪಾರ್ಕ್ ಪ್ಲಗ್ ಬೇಕಾಗಿತ್ತು. ಜೆ.ಆರ್.ಡಿ. ತಮ್ಮಲ್ಲಿದ್ದದ್ದನ್ನು ಕೊಟ್ಟರು. ಬಹುಮಾನ ಆಸ್ಪಿಯವರಿಗೆ ಹೋಯಿತು. ಆದರೆ ಅಷ್ಟು ದೂರದ ದಾರಿಯ ಅನುಭವ ಜೆ.ಆರ್.ಡಿ. ಅವರಿಗೇ ಉಳಿಯಿತು. 1932ರ ಅಕ್ಟೋಬರ್ 15ರಂದು, 28ನೇ ವಯಸ್ಸಿನಲ್ಲಿ, ಅವರು ಪುಸ್ ಮಾತ್ ವಿಮಾನದಲ್ಲಿ ಟಪಾಲು ತುಂಬಿಕೊಂಡು ಕರಾಚಿಯಿಂದ ಅಹಮದಾಬಾದ್ ಮಾರ್ಗವಾಗಿ ಮುಂಬಯಿಯ ಜುಹುಗೆ ಬಂದರು. ಅಲ್ಲಿಂದ ಆ ಟಪಾಲನ್ನು ನೆವಿಲ್ ವಿನ್ಸೆಂಟ್ ಮದರಾಸಿಗೆ ಒಯ್ದರು. ಆ ದಾರಿಯಲ್ಲಿ ವಿಮಾನ ಇಳಿದ ಊರು ನಮ್ಮ ಬಳ್ಳಾರಿ. ಏರ್ ಇಂಡಿಯಾ ಬೆಳೆದದ್ದು ಈ ಟಪಾಲು ಸೇವೆಯಿಂದಲೇ.

ಲೈಸೆನ್ಸಿಗೂ ಟಪಾಲಿಗೂ ನಡುವೆ ಮೂರು ವರ್ಷ ಎಂಟು ತಿಂಗಳಿತ್ತು. ಆ ಅವಧಿಯನ್ನು ಅವರು ಸುಮ್ಮನೆ ಕಳೆಯಲಿಲ್ಲ. ಐವತ್ತು ವರ್ಷಗಳ ನಂತರ, 1982ರಲ್ಲಿ, 78ನೇ ವಯಸ್ಸಿನಲ್ಲಿ ಅದೇ ಮಾರ್ಗದಲ್ಲಿ ಲೆಪರ್ಡ್ ಮಾತ್ ಹಾರಿಸಿಕೊಂಡು ಬಂದರು ಎಂದರೆ, ಅಭ್ಯಾಸ ಬಿಟ್ಟವರಿಗೆ ಅದು ಸಾಧ್ಯವೇ?

ಕರ್ನಾಟಕದ ಉದಾಹರಣೆಯೂ ಇದೆ. ಬೆಂಗಳೂರಿನ ಜಕ್ಕೂರು ವೈಮಾನಿಕ ಶಾಲೆಯಲ್ಲಿ 1949ರಲ್ಲಿ ತೇರ್ಗಡೆಯಾದ ಉಷಾ ಸುಂದರಂ, 1951ರಲ್ಲಿ ಪತಿ ಕ್ಯಾಪ್ಟನ್ ವಿ. ಸುಂದರಂ ಅವರೊಂದಿಗೆ ಡಿ ಹ್ಯಾವಿಲೆಂಡ್ ಡವ್ ವಿಮಾನವನ್ನು ಲಂಡನ್ನಿನಿಂದ ಮುಂಬಯಿಗೆ 27 ಗಂಟೆಗಳಲ್ಲಿ ತಂದರು. ಅದು ಮದರಾಸು ಸರ್ಕಾರ ಕೊಂಡ ವಿಮಾನ. ಅವರಿಬ್ಬರು ಮೋಜಿಗೆ ಹಾರಿದವರಲ್ಲ, ಒಂದು ಕೆಲಸ ಹೊತ್ತು ಹಾರಿದವರು.

ನಮಗೆ ಟಪಾಲಿನ ಕೆಲಸ ಯಾರೂ ಕೊಡುವುದಿಲ್ಲ, ನಿಜ. ಆದರೆ ಪ್ರತಿ ಗಂಟೆಗೂ ಒಂದು ಕೆಲಸವನ್ನು ನಾವೇ ಗೊತ್ತುಮಾಡಿಕೊಳ್ಳಬಹುದು. ಮುಂದೆ ಕಮರ್ಷಿಯಲ್ ಲೈಸೆನ್ಸ್ ಬೇಕೆನ್ನುವವರಿಗೆ ಒಟ್ಟು 200 ಗಂಟೆ ಬೇಕು. ಅದರಲ್ಲಿ 100 ಗಂಟೆ ತಾವೇ ವಿಮಾನದ ಹೊಣೆ ಹೊತ್ತು ಹಾರಿರಬೇಕು. ನಿಲ್ದಾಣದ ಸುತ್ತಲೇ ತಿರುಗಿದರೂ ಗಂಟೆ ತುಂಬುತ್ತದೆ. ಆದರೆ ಕಲಿಕೆ ತುಂಬುವುದಿಲ್ಲ.

ಒಂದು ಲೆಕ್ಕ ನೋಡಿ. ಬಾರಾಮತಿಯಿಂದ ಬೆಳಗಾವಿಗೆ ನೇರ ದೂರ ಸುಮಾರು 250 ಕಿಲೋಮೀಟರ್. ಗಂಟೆಗೆ 180 ಕಿ.ಮೀ. ಹೋಗುವ ವಿಮಾನಕ್ಕೆ ಗಾಳಿ ಇಲ್ಲದ ದಿನ 83 ನಿಮಿಷ ಸಾಕು. ಗಂಟೆಗೆ 30 ಕಿ.ಮೀ. ಎದುರುಗಾಳಿ ಇದ್ದರೆ 100 ನಿಮಿಷ ಬೇಕು, ಅಂದರೆ 17 ನಿಮಿಷ ಹೆಚ್ಚು. ಅದೇ ಗಾಳಿ ಹಿಂದಿನಿಂದ ತಳ್ಳಿದರೆ ವಾಪಸು ಬರುವಾಗ ಉಳಿಯುವುದು 12 ನಿಮಿಷ ಮಾತ್ರ. ಗಾಳಿ ತಾನು ಕಿತ್ತುಕೊಂಡದ್ದನ್ನು ಪೂರ್ತಿ ಹಿಂದಿರುಗಿಸುವುದಿಲ್ಲ. ಪೆಟ್ರೋಲು ಎಷ್ಟು ಬೇಕು, ಬೆಳಗಾವಿಯಲ್ಲಿ ಇಳಿಯಲಾಗದಿದ್ದರೆ ಎಲ್ಲಿಗೆ ಹೋಗಬೇಕು, ಯಾರಿಂದ ಅನುಮತಿ ಪಡೆಯಬೇಕು ಎಂಬುದನ್ನೆಲ್ಲ ಹಿಂದಿನ ರಾತ್ರಿಯೇ ಕೂತು ಬರೆಯಬೇಕು. ಪುಣೆಯ ಸುತ್ತಲಿನ ಆಕಾಶ ಲೋಹಗಾಂವ್ ವಾಯುನೆಲೆಯ ಹತೋಟಿಯಲ್ಲಿದೆ. ರೇಡಿಯೊದಲ್ಲಿ ಸ್ಪಷ್ಟವಾಗಿ ಮಾತಾಡಲು ಬಾರದವರಿಗೆ ಅಲ್ಲಿ ಹಾದಿ ಸುಲಭವಲ್ಲ. ಇಂಥ ಒಂದು ಪ್ರಯಾಣ ಹತ್ತು ಸುತ್ತುಗಳಿಗಿಂತ ಹೆಚ್ಚು ಕಲಿಸುತ್ತದೆ.

ಎರಡನೆಯ ಮಾತು, ಅಭ್ಯಾಸ. ತಿಂಗಳಿಗೆ ಒಂದು ಗಂಟೆಯಾದರೂ ಸರಿ, ಬಿಡದೆ ಹಾರುವುದು ಲೇಸು. ಎರಡು ಮೂರು ತಿಂಗಳು ತಪ್ಪಿದರೆ ಮೊದಲ ಹಾರಾಟ ಇನ್‌ಸ್ಟ್ರಕ್ಟರ್ ಜೊತೆಗೇ ಆಗಲಿ. ಇದರಲ್ಲಿ ನಾಚಿಕೆಯೇನಿಲ್ಲ. ಲೈಸೆನ್ಸ್ ಬಂದ ವಾರವೇ ಗೆಳೆಯರನ್ನು ಕೂರಿಸಿಕೊಳ್ಳುವ ಆಸೆಯನ್ನೂ ಸ್ವಲ್ಪ ತಡೆಯುವುದು ಒಳ್ಳೆಯದು. ಪಕ್ಕದಲ್ಲಿ ಕೂತವರು ನಿಮ್ಮ ಮೇಲೆ ಪೂರ್ತಿ ನಂಬಿಕೆ ಇಟ್ಟಿರುತ್ತಾರೆ.

ಮೂರನೆಯದು, ಎಲ್ಲಕ್ಕಿಂತ ಮುಖ್ಯವಾದದ್ದು, ಹಿಂದಿರುಗುವ ಧೈರ್ಯ. ಜೂನ್ ಬಂತೆಂದರೆ ಸಹ್ಯಾದ್ರಿಯ ನೆತ್ತಿ ಮೋಡದಲ್ಲಿ ಮುಳುಗುತ್ತದೆ. ಲೋಣಾವಳದ ಘಾಟಿನಲ್ಲಿ ಕಾರು ಓಡಿಸುವವರಿಗೂ ಇದು ಗೊತ್ತು. 1954ರಲ್ಲಿ ಅಮೆರಿಕದ ಇಲಿನಾಯ್ ವಿಶ್ವವಿದ್ಯಾಲಯದಲ್ಲಿ ಒಂದು ಪ್ರಯೋಗ ನಡೆಯಿತು. ಉಪಕರಣಗಳನ್ನಷ್ಟೇ ನೋಡಿ ಹಾರುವ ತರಬೇತಿಯಿಲ್ಲದ 20 ಪೈಲಟ್‌ಗಳಿಗೆ ಹೊರಗಿನದೇನೂ ಕಾಣದಂತೆ ಮಾಡಿ ಹಾರಲು ಬಿಟ್ಟರು, ಪಕ್ಕದಲ್ಲಿ ಕಾಪಾಡುವವರು ಇದ್ದರು. ಇಪ್ಪತ್ತೂ ಜನ ಹತೋಟಿ ತಪ್ಪಿದರು. ಸರಾಸರಿ ಸಮಯ 178 ಸೆಕೆಂಡು, ಅಂದರೆ ಪೂರ್ತಿ ಮೂರು ನಿಮಿಷವೂ ಇಲ್ಲ. ನಮ್ಮ ಕಿವಿಯೊಳಗಿನ ಸಮತೋಲದ ಅಂಗ ಮೋಡದೊಳಗೆ ಸುಳ್ಳು ಹೇಳುತ್ತದೆ. ವಿಮಾನ ವಾಲುತ್ತಿದ್ದರೂ ನೆಟ್ಟಗಿದೆ ಎಂದೇ ಅನಿಸುತ್ತದೆ. ಆದ್ದರಿಂದ ಮುಂದೆ ಮೋಡ ಕಂಡರೆ ತಿರುಗಿ ಬರಬೇಕು. ಅಷ್ಟು ದೂರ ಬಂದಾಗಿದೆ, ಜನ ಕಾಯುತ್ತಿದ್ದಾರೆ ಎಂಬ ಮಾತು ಅಲ್ಲಿ ಸಲ್ಲದು.

ಕೊನೆಯದಾಗಿ, ಮನೆಯ ಹಿರಿಯರಿಗೆ ಒಂದು ವಿನಂತಿ. ಮಕ್ಕಳನ್ನು ಏರ್‌ಲೈನ್ ನೌಕರಿ ಯಾವಾಗ ಎಂದಷ್ಟೇ ಕೇಳಬೇಡಿ. ಈ ತಿಂಗಳು ಎಲ್ಲಿಗೆ ಹಾರಿದಿರಿ, ಏನು ಕಲಿತಿರಿ ಎಂದೂ ಕೇಳಿ. ಬೆಳಗಾವಿಗೆಂದು ಹೊರಟ ಮಗಳು ಅರ್ಧ ದಾರಿಯಿಂದ ಬಾರಾಮತಿಗೆ ಮರಳಿ, 'ಅಪ್ಪಾ, ಮೋಡ ಇತ್ತು, ವಾಪಸು ಬಂದೆ' ಎಂದು ಫೋನ್ ಮಾಡಿದರೆ, ಖರ್ಚಾದ ಪೆಟ್ರೋಲಿನ ಲೆಕ್ಕ ಎತ್ತಬೇಡಿ. ಒಳ್ಳೆಯದು ಮಾಡಿದೆ ಮಗಳೇ ಎನ್ನಿ. ಆ ದಿನ ಅವಳು ಲೈಸೆನ್ಸಿನ ಸದುಪಯೋಗವನ್ನೇ ಮಾಡಿದ್ದಾಳೆ.