ಚಿಕಿತ್ಸೆಯ ನಾಲ್ಕು ಕಾಲುಗಳು

ಮನೆಯಲ್ಲಿ ಯಾರಿಗಾದರೂ ಕಾಯಿಲೆಯಾದರೆ ನಾವು ಮೊದಲು ನೆನೆಯುವುದು ವೈದ್ಯರನ್ನು, ಆಮೇಲೆ ಔಷಧವನ್ನು. ಇವೆರಡು ದೊರೆತರೆ ನಮ್ಮ ಹೊಣೆ ತೀರಿತೆಂದು ತಿಳಿಯುತ್ತೇವೆ. ನಮ್ಮ ಪ್ರಾಚೀನ ವೈದ್ಯಗ್ರಂಥವಾದ ಚರಕಸಂಹಿತೆಯ ಮತ ಬೇರೆ. ಚಿಕಿತ್ಸೆಗೆ ನಾಲ್ಕು ಪಾದಗಳೆಂದು ಅದು ಹೇಳುತ್ತದೆ: ವೈದ್ಯ, ಔಷಧ, ಪರಿಚಾರಕ, ರೋಗಿ. ಮಂಚಕ್ಕೆ ನಾಲ್ಕು ಕಾಲುಗಳಿದ್ದ ಹಾಗೆ. ರೋಗಿಯು ಮಂಚದ ಮೇಲೆ ಮಲಗಿದವನು ಮಾತ್ರವಲ್ಲ, ಅದರ ಒಂದು ಕಾಲೂ ಹೌದು.

ಒಂದೊಂದು ಪಾದಕ್ಕೂ ನಾಲ್ಕು ನಾಲ್ಕು ಗುಣಗಳುಂಟು. ರೋಗಿಯಲ್ಲಿರಬೇಕಾದವು ನೆನಪು, ಹೇಳಿದಂತೆ ನಡೆಯುವಿಕೆ, ನಿರ್ಭಯ ಮತ್ತು ಜ್ಞಾಪಕತ್ವ. ಕನ್ನಡದಲ್ಲಿ ಜ್ಞಾಪಕವೆಂದರೆ ನೆನಪು. ಇಲ್ಲಿ ಆ ಅರ್ಥವಲ್ಲ. ತನ್ನ ಬಾಧೆಯನ್ನು ವೈದ್ಯನಿಗೆ ತಿಳಿಯಪಡಿಸುವ ಶಕ್ತಿಯೇ ಜ್ಞಾಪಕತ್ವ.

ಮೂವತ್ತು ವರ್ಷ ಶಬ್ದಾರ್ಥ ಹೇಳಿಕೊಟ್ಟ ನನಗೆ ಈ ಶಬ್ದದ ಅರ್ಥ ನಿಜವಾಗಿ ತಿಳಿದದ್ದು ಆಸ್ಪತ್ರೆಯಲ್ಲಿ. ನನ್ನ ತಾಯಿಗೆ ವಿಪರೀತ ನಿಶ್ಶಕ್ತಿಯಾಗಿ, ಮಲ ಕಪ್ಪಾಗಿ ಹೋಗುತ್ತಿತ್ತು. "ಬೇರೆ ಏನಾದರೂ ಮಾತ್ರೆ ತೆಗೆದುಕೊಳ್ಳುತ್ತಾರೆಯೇ?" ಎಂದು ಡಾಕ್ಟರು ಕೇಳಿದರು. ತಾಯಿ ಏನೋ ಹೇಳಲು ಬಾಯಿ ತೆರೆದರು. "ನೀನು ಸುಮ್ಮನಿರಮ್ಮ, ನಾನು ಹೇಳುತ್ತೇನೆ" ಎಂದು ತಡೆದು, "ಏನೂ ಇಲ್ಲ ಸಾರ್" ಎಂದುಬಿಟ್ಟೆ. ಮೂರನೆಯ ದಿನ ನರ್ಸಮ್ಮನವರು ತಾಯಿಯನ್ನೇ ಮಾತನಾಡಿಸಿದಾಗ ಕೈಚೀಲದಿಂದ ಮಂಡಿನೋವಿನ ಮಾತ್ರೆಗಳು ಹೊರಬಂದವು. ತಿಂಗಳಿಂದ ಅಂಗಡಿಯಲ್ಲಿ ಕೊಂಡು ನುಂಗುತ್ತಿದ್ದರಂತೆ. ಆ ಬಗೆಯ ಮಾತ್ರೆಗಳು ಹೊಟ್ಟೆಯಲ್ಲಿ ಹುಣ್ಣು ಮಾಡಿ ರಕ್ತ ಸೋರಿಸಬಲ್ಲವು. ದೇವರ ದಯೆ, ತಾಯಿ ಗುಣವಾದರು. ಆದರೆ ಎರಡು ದಿನ ವ್ಯರ್ಥವಾದದ್ದು ರೋಗಿಯ ಬಾಯನ್ನು ನಾನು ಮುಚ್ಚಿಸಿದ್ದರಿಂದ.

ಪರಿಚಾರಕರು ಮನಸ್ಸು ಮಾಡಿದರೆ ಏನಾದೀತು ಎಂಬುದಕ್ಕೂ ನಿದರ್ಶನವುಂಟು. 1971ರಲ್ಲಿ, ಇಂದಿನ ಬಾಂಗ್ಲಾದೇಶದಿಂದ ಲಕ್ಷಗಟ್ಟಲೆ ನಿರಾಶ್ರಿತರು ಗಡಿ ದಾಟಿ ಬಂದಾಗ, ಪಶ್ಚಿಮ ಬಂಗಾಳದ ಬನಗಾಂವ್‌ನಲ್ಲಿ ಕಾಲರಾ ಹಬ್ಬಿತು. ಆಸ್ಪತ್ರೆಯ ನೆಲವೆಲ್ಲ ರೋಗಿಗಳು. ರಕ್ತನಾಳಕ್ಕೆ ಕೊಡುವ ಸಲೈನ್ ಸಾಲದಾಯಿತು. ಕೊಡಬಲ್ಲ ಕೈಗಳೂ ಸಾಲದಾದವು. ಡಾಕ್ಟರ್ ದಿಲೀಪ್ ಮಹಲನಾಬಿಸ್ ಅವರು ಗ್ಲೂಕೋಸ್, ಅಡುಗೆ ಉಪ್ಪು, ಅಡುಗೆ ಸೋಡಾಗಳನ್ನು ಅಳತೆಯಂತೆ ಪೊಟ್ಟಣ ಕಟ್ಟಿಸಿ, ನೀರಿನಲ್ಲಿ ಕರಗಿಸಿ, ಡ್ರಮ್ಮುಗಳಲ್ಲಿ ತುಂಬಿಸಿಟ್ಟರು. ಲೋಟ ಹಿಡಿದು ಅದನ್ನು ಕುಡಿಸಿದವರು ಬಹುಮಟ್ಟಿಗೆ ರೋಗಿಗಳ ತಾಯಂದಿರು, ಅಣ್ಣತಮ್ಮಂದಿರು, ಬಂಧುಗಳು. ನೂರಕ್ಕೆ ಸುಮಾರು 30ರಷ್ಟಿದ್ದ ಸಾವು, ಈ ನೀರು ಕುಡಿದವರಲ್ಲಿ 4ಕ್ಕಿಂತ ಕೆಳಗಿಳಿಯಿತು. ಇಂದು ಔಷಧದಂಗಡಿಯಲ್ಲಿ ದೊರೆಯುವ ಓ.ಆರ್.ಎಸ್. ಪೊಟ್ಟಣ ಇದೇ ವಂಶದ್ದು. ಔಷಧ ಸರಳವಾಗಿತ್ತು, ನಿಜ. ಆದರೆ ಅದನ್ನು ಗುಟುಕು ಗುಟುಕಾಗಿ ಹಗಲಿರುಳು ಕುಡಿಸುವ ಪ್ರೀತಿಯ ಕೈ ಇಲ್ಲದಿದ್ದರೆ ಡ್ರಮ್ಮು ಡ್ರಮ್ಮಾಗಿಯೇ ಉಳಿಯುತ್ತಿತ್ತು.

ಹಾಗಾದರೆ ನಾವು ಮಾಡಬೇಕಾದದ್ದೇನು? ವೈದ್ಯರಲ್ಲಿಗೆ ಹೋಗುವಾಗ ಸೇವಿಸುತ್ತಿರುವ ಔಷಧಗಳನ್ನೆಲ್ಲ, ಅಂಗಡಿಯದಾಗಲಿ ನಾಟಿಯದಾಗಲಿ, ಒಂದು ಚೀಟಿಯಲ್ಲಿ ಬರೆದೊಯ್ಯೋಣ. ರೋಗಿಗೆ ಮಾತನಾಡುವ ಶಕ್ತಿಯಿದ್ದರೆ ಅವರೇ ಮೊದಲು ಮಾತನಾಡಲಿ; ಬಿಟ್ಟುಹೋದದ್ದನ್ನು ನಾವು ಸೇರಿಸೋಣ. ತಿಳಿಯದ್ದನ್ನು ಸಂಕೋಚವಿಲ್ಲದೆ ಕೇಳೋಣ. ನಿರ್ಭಯವೂ ರೋಗಿಯ ಗುಣವೆಂದು ಚರಕಸಂಹಿತೆಯೇ ಹೇಳಿದೆಯಷ್ಟೆ. ಹೊರಡುವ ಮುನ್ನ, ಯಾವ ಮಾತ್ರೆ ಯಾವಾಗ, ಎಷ್ಟು ದಿನ ಎಂಬುದನ್ನು, ಮಕ್ಕಳು ಪಾಠ ಒಪ್ಪಿಸುವಂತೆ, ವೈದ್ಯರ ಮುಂದೆ ಒಪ್ಪಿಸಿಬಿಡೋಣ. ತಪ್ಪಿದ್ದರೆ ಅಲ್ಲಿಯೇ ತಿದ್ದುಪಡಿಯಾಗುತ್ತದೆ. ವೈದ್ಯರಿಗೂ ಒಂದು ಬಿನ್ನಹ: ನಿಮ್ಮ ಮುಂದೆ ಜನರ ಸಾಲು ಉದ್ದವಿದೆ, ಬಲ್ಲೆವು, ಆದರೂ ಒಂದು ನಿಮಿಷ ಕಿವಿಗೊಡಿ. ಕೇಳುವವರಿಲ್ಲದೆ ಹೇಳುವವರು ಹೇಗೆ ಹೇಳಿಯಾರು?

ನನ್ನ ತಾಯಿಯನ್ನು ಈಗಲೂ ತಪಾಸಣೆಗೆ ಕರೆದೊಯ್ಯುತ್ತೇನೆ. ಚೀಟಿ ನನ್ನ ಕೈಯಲ್ಲಿರುತ್ತದೆ. ಮಾತು ಮಾತ್ರ ಅವರದು.