ದಂಡಿನ ಟೋಪಿ, ಕೂಸಿನ ಕುಲಾವಿ

ಸಿಪಾಯಿಯ ಟೋಪಿಯ ಮಾತಿಗೆ ಬಾಣಂತಿ ಕೋಣೆಯಿಂದ ಹೊರಡುತ್ತೇನೆ, ಬೇಸರಿಸಬೇಡಿ. ಕೂಸಿನ ನೆತ್ತಿ, ಕಿವಿ ಬೆಚ್ಚಗಿರಲೆಂದು ನಮ್ಮ ಅಜ್ಜಿಯರು ತೊಡಿಸುತ್ತಿದ್ದ ಕುಲಾವಿಯ ಜಾಡು ಹಿಡಿದರೆ ಹಂಪಿಯ ದಂಡು ಸಿಗುತ್ತದೆ.

ಮೂಲ, ಪಾರಸಿಯ ‘ಕುಲಾಹ್’. ಇರಾನಿನಲ್ಲಿ ಉಕ್ಕಿನ ಶಿರಸ್ತ್ರಾಣಕ್ಕೆ ‘ಕುಲಾಹ್ ಖೂದ್’ ಎಂದೇ ಹೆಸರು. ನಮ್ಮ ಬಾಯಲ್ಲಿ ಅದು ಕುಲ್ಲಾಯಿ, ಕುಲಾಯಿ, ಕುಲಾವಿ ಆಯಿತು. ವಿಜಯನಗರದ ಅರಸ ಇಮ್ಮಡಿ ದೇವರಾಯನ ಸೈನ್ಯದಲ್ಲಿ ಮುಸ್ಲಿಂ ಬಿಲ್ಲಾಳುಗಳೂ ರಾವುತರೂ ಇದ್ದರು. ಆ ಅರಸನ ಸೇವೆಯಲ್ಲಿದ್ದ ಅಹಮದ್ ಖಾನ್ 1439ರಲ್ಲಿ ಕಟ್ಟಿಸಿದ ಮಸೀದಿ ಹಂಪಿಯಲ್ಲಿ ಈಗಲೂ ನಿಂತಿದೆ. ಆದರೆ ಕುಲ್ಲಾಯಿ ಆ ಸೈನಿಕರ ತಲೆಯ ಮೇಲಷ್ಟೇ ಉಳಿಯಲಿಲ್ಲ. ವಿಜಯನಗರದ ಆಸ್ಥಾನಕ್ಕೆ ಬಂದ ತೆಲುಗು ಕವಿ ಶ್ರೀನಾಥನೂ ಅದನ್ನು ತೊಡಬೇಕಾಯಿತು. ಆ ಸಂಕಟವನ್ನು ಕನ್ನಡ ರಾಜ್ಯಲಕ್ಷ್ಮಿಯ ಮುಂದೆಯೇ ಪದ್ಯವಾಗಿ ತೋಡಿಕೊಂಡಿದ್ದಾನೆ. ಪೋರ್ಚುಗೀಸ್ ಪ್ರವಾಸಿ ಪಾಯಸ್ ಕಂಡ ಕೃಷ್ಣದೇವರಾಯನ ತಲೆಯ ಮೇಲೆ ಜರತಾರಿ ಟೋಪಿ. ಅದು ಸ್ಪೇನಿನ ಗಲಿಸಿಯಾದ ಶಿರಸ್ತ್ರಾಣದಂತಿತ್ತು ಎನ್ನುತ್ತಾನೆ. ಕಾಲು ಮಾತ್ರ ಬರಿಗಾಲು! ತಿರುಮಲೆಯಲ್ಲಿ ಇಬ್ಬರು ರಾಣಿಯರ ನಡುವೆ ಕೈಮುಗಿದು ನಿಂತ ಆ ಅರಸನ ಲೋಹದ ಪ್ರತಿಮೆಯನ್ನು ಮುಂದಿನ ಸಲ ಗಮನಿಸಿ. ಎದೆ ಬರಿದು, ತಲೆಯ ಮೇಲೆ ಎತ್ತರದ ಕುಲ್ಲಾಯಿ.

ವಿದ್ವಾಂಸ ಫಿಲಿಪ್ ವಾಗೊನರ್ 1996ರ ಲೇಖನವೊಂದರಲ್ಲಿ ಈ ಉಡುಪಿನ ಜೊತೆಗೆ ‘ಹಿಂದೂರಾಯ ಸುರತ್ರಾಣ’ ಎಂಬ ವಿಜಯನಗರದ ಅರಸರ ಬಿರುದನ್ನೂ ಇಟ್ಟು ನೋಡಿದರು. ಸುರತ್ರಾಣ ಎಂದರೆ ಸುಲ್ತಾನನೇ. ವಿಜಯನಗರದವರು ದಿರಿಸು, ಬಿರುದುಗಳನ್ನು ಎರವಲು ತಂದು ತಮ್ಮ ದೇವರನ್ನು ಮಾತ್ರ ಹಾಗೇ ಇಟ್ಟುಕೊಂಡರು. ಅವರಿಗಿದ್ದ ಈ ಧೈರ್ಯ ಇಂದಿನ ಟೋಪಿ ಜಗಳಗಳಲ್ಲಿ ನನಗೆ ಕಾಣುವುದಿಲ್ಲ.

ಬ್ರಿಟಿಷರ ಕಾಲದ ಪಂಜಾಬಿ, ಪಠಾಣ ಪಲ್ಟನ್‌ಗಳಲ್ಲೂ ‘ಕುಲ್ಲಾ’ ಇತ್ತು. ಅದರ ಸುತ್ತ ಸುತ್ತುವ ಬಟ್ಟೆಗೆ ಅವರು ಹೇಳುತ್ತಿದ್ದದ್ದು ಲುಂಗಿ. ನಮ್ಮ ಸೊಂಟದ ಲುಂಗಿಗೆ ಅಲ್ಲಿ ತಲೆಯ ಮೇಲಿನ ಪಟ್ಟ!

ಇನ್ನೊಂದು ದಂಡಿನ ಟೋಪಿ ನಮ್ಮೂರಿನದೇ ಆಗಿಬಿಟ್ಟಿದೆ. ಕ್ರಿಮಿಯಾ ಯುದ್ಧದಲ್ಲಿ, 1854ರ ನವೆಂಬರ್ 14ರ ಬಿರುಗಾಳಿಗೆ ಬಾಲಕ್ಲಾವಾ ಬಂದರಿನ ಬಳಿ ಬ್ರಿಟಿಷರ ಚಳಿ ಉಡುಪು ಹೊತ್ತ ಹಡಗು ಮುಳುಗಿತು. ನಡುಗುವ ಸೈನಿಕರಿಗೆಂದು ಇಂಗ್ಲೆಂಡಿನ ಹೆಂಗಸರು ಉಣ್ಣೆಯ ಟೋಪಿ ಹೆಣೆದು ಕಳಿಸಿದರು. ಬಂದರಿನ ಹೆಸರು ಟೋಪಿಗೆ ಅಂಟಿಕೊಂಡದ್ದು ಯುದ್ಧ ಮುಗಿದು ಎಷ್ಟೋ ವರ್ಷಗಳ ಮೇಲೆ. ಆ ಬಾಲಕ್ಲಾವಾ ಬೆಂಗಳೂರಿನಲ್ಲಿ ಮಂಕಿ ಟೋಪಿ. ಈ ಊರು 1884ರ ಜನವರಿ 13ರಂದು 7.8 ಡಿಗ್ರಿಗೆ ಇಳಿದದ್ದೇ ದಾಖಲೆ. ಸಾಮಾನ್ಯವಾಗಿ ಡಿಸೆಂಬರಿನ ಬೆಳಗು ಹದಿನೈದು, ಹದಿನಾರರ ಆಸುಪಾಸು. ಅಷ್ಟಕ್ಕೇ ಲಾಲ್‌ಬಾಗಿನ ಬಂಡೆಯ ಮೇಲೆ ಕ್ರಿಮಿಯಾದ ಒಂದು ತುಕಡಿ ವಾಕಿಂಗ್ ಹೊರಡುತ್ತದೆ! ಬಿಟಿಎಂ ಲೇಔಟಿನ ಬೈಕ್ ಹುಡುಗರು ಅವರನ್ನು ನೋಡಿ ನಗುತ್ತಾರೆ. ಆ ಹುಡುಗರ ಹೆಲ್ಮೆಟ್ಟಿನೊಳಗೂ ಅದೇ ಬಾಲಕ್ಲಾವಾ ಇರುತ್ತದೆ, ಮಂಕಿ ಟೋಪಿ ಅಂದರೆ ಮಾತ್ರ ಅವರಿಗೆ ಸಿಟ್ಟು.